ಹಾಫ್‌ಟೈಮ್ ಪಂಕ್ತಿ

ಜುಲೈ ಮುಗಿಯುತ್ತಿದ್ದಂತೆ ಹೋಟೆಲಿನ ಬಾಗಿಲು ಹಾಕಿಬಿಡುವುದೆಂದು ನನ್ನ ಗಂಡ ನಿತ್ಯಾನಂದರು ತೀರ್ಮಾನಿಸಿದ್ದರು. ಅಮೆರಿಕದ ಬೆಲ್‌ರೋಸಿನ ಹಿಲ್‌ಸೈಡ್ ಅವೆನ್ಯೂನಲ್ಲಿ ನಮ್ಮದೊಂದು ಪುಟ್ಟ ಇಡ್ಲಿ-ದೋಸೆ ಹೋಟೆಲು. ಬ್ಯಾಂಕುಗಳು ಮುಳುಗಿದ್ದೇ ತಡ, ಗಿರಾಕಿಗಳೆಲ್ಲ ಮನೆಯಲ್ಲೇ ದೋಸೆ ಹೊಯ್ಯಲು ಕಲಿತುಬಿಟ್ಟರು. ಎರಡು ವರ್ಷ ಹೇಗೋ ತಳ್ಳಿ ೨೦೧೦ಕ್ಕೆ ಬಂದಿದ್ದೆವು.

"ಕೊನೆಗೆ ಒಂದು ಕೈ ನೋಡುವ ಮಾರಾಯ್ತಿ. ಫುಟ್‌ಬಾಲ್ ವರ್ಲ್ಡ್ ಕಪ್ ಉಂಟಲ್ಲ, ದೊಡ್ಡ ಟಿವಿ ಬಾಡಿಗೆಗೆ ತರ್ತೇನೆ," ಎಂದರು ಜೂನಿನಲ್ಲಿ.

ಈ ಧೈರ್ಯ ಬಂದದ್ದು ಫೆಬ್ರವರಿಯಲ್ಲಿ ಬಾಡಿಗೆ ಟಿವಿ ತಂದು ತೋರಿಸಿದ ಸೂಪರ್ ಬೌಲ್‌ನಿಂದ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆಟ ಅದು. ಒಂದಿಷ್ಟು ಆಟ, ಮತ್ತೆ ಜಾಹೀರಾತು. ಜಾಹೀರಾತು ಬಂತೆಂದರೆ ಆರ್ಡರು. ನಮ್ಮ ಅಡುಗೆಯ ಶ್ರೀನಿ ಟಿವಿಯ ಸದ್ದು ಕೇಳಿಯೇ ಕಾವಲಿಗೆ ಹಿಟ್ಟು ಹೊಯ್ಯತೊಡಗಿದ್ದ. ಕಾರು, ಬಿಯರು, ಚಿಪ್ಸ್ ಮಾರುವವರೆಲ್ಲ ಸೇರಿ ನಮ್ಮ ಮಸಾಲೆ ದೋಸೆಯನ್ನೂ ಮಾರಿಕೊಟ್ಟರು. ಮಾರನೆಯ ದಿನ ಮಾತ್ರ ಆಟ ನೋಡಲು ಬಂದವರಲ್ಲೊಬ್ಬರೂ ಈ ಕಡೆ ತಲೆ ಹಾಕಲಿಲ್ಲ.

ವರ್ಲ್ಡ್ ಕಪ್ ದಕ್ಷಿಣ ಆಫ್ರಿಕಾದಲ್ಲಿ, ನಮಗಿಲ್ಲಿ ಬೆಳಗಿನ ತಿಂಡಿಯ ಹೊತ್ತು. ಆ ಕಾಲದಲ್ಲಿ ಬೆಳಗ್ಗೆ ಬಿಡುವಾಗಿರುವ ಗಂಡಸರಿಗೇನೂ ಬರವಿರಲಿಲ್ಲ. ಮೊದಲ ದಿನವೇ ಹೋಟೆಲ್ ತುಂಬಿತು. ಘಾನಾದ ಟ್ಯಾಕ್ಸಿ ಡ್ರೈವರ್ ಕ್ವಾಕು, ಪಕ್ಕದ ಕಾರ್ ವಾಶಿನ ಮೆಕ್ಸಿಕೋದವರು, ಬ್ಯಾಂಕಿನ ಕೆಲಸ ಕಳೆದುಕೊಂಡು ಒಂದು ಕಾಫಿಗೆ ಬೆಳಗೆಲ್ಲ ಕೂರುತ್ತಿದ್ದ ಮೈಸೂರಿನ ಕೃಷ್ಣಸ್ವಾಮಿ.

ಆಟ ಶುರುವಾಯಿತು. ಶ್ರೀನಿ ಸೌಟು ಹಿಡಿದು ಕಾದ.

"ಅಕ್ಕಾ, ಜಾಹೀರಾತು ಯಾವಾಗ?"

"ಈಗ ಬರ್ತದೆ, ನೋಡು."

ಬರಲೇ ಇಲ್ಲ. ಕೊನೆಗೆ ಕೃಷ್ಣಸ್ವಾಮಿ ಟಿವಿಯಿಂದ ಕಣ್ಣು ಕೀಳದೆ ಹೇಳಿದರು: "ಇದ್ರಲ್ಲಿ ಬ್ರೇಕ್ ಇರಲ್ಲ ಮೇಡಂ, ಹಾಫ್‌ಟೈಮ್‌ವರೆಗೂ ಒಂದೇ ಸಮ ಆಟ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಕಾಣಿಸ್ತಿಲ್ಲ."

ಹಾಫ್‌ಟೈಮಿನ ಸೀಟಿ ಊದಿದ್ದೇ ಎಲ್ಲರಿಗೂ ಒಟ್ಟಿಗೇ ಹಸಿವಾಯಿತು. ಇದ್ದದ್ದು ಒಂದೇ ಕಾವಲಿ. ಅರ್ಧದಷ್ಟು ಜನರಿಗೆ ದೋಸೆ ಮುಟ್ಟುವಷ್ಟರಲ್ಲಿ ಆಟ ಮತ್ತೆ ಶುರುವಾಯಿತು. ಆಮೇಲೆ ತಂದದ್ದನ್ನು ಯಾರೂ ತಿರುಗಿಯೂ ನೋಡಲಿಲ್ಲ. ದೋಸೆಗಳು ಚರ್ಮದಂತಾದವು. ಎಲ್ಲರೂ ಹೋದ ಮೇಲೆ ಇವರು ಗಲ್ಲಾದ ಹಿಂದೆ ತಲೆ ಮೇಲೆ ಕೈ ಹೊತ್ತು ಕೂತರು.

"ಜುಲೈವರೆಗೆ ಎಂತಕ್ಕೆ ಸರೋಜಿನಿ? ನಾಳೆಯೇ ಮುಚ್ಚುವ."

ನನಗೆ ಮೈಯೆಲ್ಲ ಉರಿದುಹೋಯಿತು. "ಊರಿನ ದೇವಸ್ಥಾನದಲ್ಲಿ ಅಷ್ಟು ಜನಕ್ಕೆ ಬಡಿಸಿದವರಲ್ವಾ ನೀವು? ಅಲ್ಲಿ ಯಾರಾದ್ರೂ ಆರ್ಡರ್ ಕೊಡ್ತಿದ್ರಾ?"

ಅವರು ನನ್ನನ್ನೇ ನೋಡಿದರು. ಆಮೇಲೆ ಎದ್ದು ಮೆನು ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ಒಳಗಿಟ್ಟರು.

ಮರುದಿನ ಮೇಜುಗಳನ್ನು ಸಾಲಾಗಿ ಜೋಡಿಸಿದೆವು. ಆಟ ನಡೆಯುವಷ್ಟು ಹೊತ್ತು ಇಡ್ಲಿ ಬೇಯಿತು. ಸೀಟಿ ಕೇಳಿದ್ದೇ ಇವರು ಒಂದು ಕೈಯಲ್ಲಿ ಬಾಲ್ದಿ, ಇನ್ನೊಂದರಲ್ಲಿ ಸೌಟು ಹಿಡಿದು, "ಸಾಂಬಾರ್, ಸಾಂಬಾರ್" ಎನ್ನುತ್ತ ಸೊಂಟ ಬಗ್ಗಿಸಿ ಪಂಕ್ತಿಯುದ್ದಕ್ಕೂ ಓಡಿದರು. ಅವರ ಮುಂದೆ ಶ್ರೀನಿ, ಇಡ್ಲಿ. ಹಿಂದೆ ನಾನು, ಚಟ್ನಿ. ಎಲ್ಲರಿಗೂ ಒಂದೇ ತಿಂಡಿ, ಬೇಕಾದಷ್ಟು. ಸಾಕೆಂದರೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕೆಂದು ಕ್ವಾಕುವಿಗೆ ಕೃಷ್ಣಸ್ವಾಮಿಯೇ ಕಲಿಸಿಕೊಟ್ಟರು. ಹಾಫ್‌ಟೈಮಿನಲ್ಲಿ ಬಂದ ಜಾಹೀರಾತುಗಳನ್ನು ಕಣ್ಣೆತ್ತಿ ನೋಡುವವರಿರಲಿಲ್ಲ.

ತಿಂಗಳು ಹೀಗೇ ಕಳೆಯಿತು. ಘಾನಾ ಅಮೆರಿಕವನ್ನು ಸೋಲಿಸಿದ ದಿನ ಕ್ವಾಕು ಚಟ್ನಿಯ ಪಾತ್ರೆಯನ್ನು ನನ್ನ ಕೈಯಿಂದ ಕಸಿದುಕೊಂಡು, ಅಳುತ್ತ ನಗುತ್ತ ತಾನೇ ಬಡಿಸಿದ. ಸೋತ ಅಮೆರಿಕದ ಅಂಗಿ ತೊಟ್ಟಿದ್ದ ಕೃಷ್ಣಸ್ವಾಮಿಗೆ ಎರಡು ಸಲ ಬಡಿಸಿದ.

ಫೈನಲ್ ಮುಗಿದ ಮರುದಿನ, ಸೋಮವಾರ, ಬಾಡಿಗೆಯವರು ಬಂದು ಟಿವಿ ಕೊಂಡೊಯ್ದರು. ಗೋಡೆ ಬೋಳಾಯಿತು. ಇನ್ನು ಯಾರು ಬರುತ್ತಾರೆಂದು ನಾನು ಮೇಜುಗಳನ್ನು ಮತ್ತೆ ಬೇರೆ ಮಾಡಲು ಹೊರಟೆ.

ಬಾಗಿಲು ತೆರೆಯಿತು. ಕ್ವಾಕು ಬಂದ. ಕೃಷ್ಣಸ್ವಾಮಿ ಬಂದರು. ಕಾರ್ ವಾಶಿನವರು ಬಂದರು, ಇಬ್ಬರು ಹೊಸಬರನ್ನೂ ಕರೆತಂದರು. ಯಾರೂ ಟಿವಿ ಎಲ್ಲಿ ಎಂದು ಕೇಳಲಿಲ್ಲ. ಬೋಳು ಗೋಡೆಯ ಎದುರು ಸಾಲಾಗಿ ಕೂತು ಬಡಿಸುವವರ ದಾರಿ ನೋಡಿದರು.

ಜಾಹೀರಾತಿಗೂ ನಿಲ್ಲದ ಆ ಆಟ ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ ಎಂದು ಮನಸಾರೆ ಹರಸಿದೆ.

ಇವರು ಬಾಲ್ದಿ ಎತ್ತಿಕೊಂಡು, ಅಡುಗೆಮನೆಯ ಕಡೆ ತಿರುಗಿ ಕೂಗಿದರು: "ಶ್ರೀನೀ, ಆಗಸ್ಟಿಗೂ ಅಕ್ಕಿ ತರಿಸು!"