ಕಿವಿಯ ವರದಿ ಬರುವ ಮುನ್ನ

ಫೈಲು ಕೈಗೆ ಬಂದ ಕೂಡಲೇ ಥೆರಪಿಸ್ಟ್ ಬೆರಳು ಮಡಚಿ ಎಣಿಸಿದಳು. ಮಗುವಿಗೆ ಎರಡು ವರ್ಷ ಒಂಬತ್ತು ತಿಂಗಳು. ಮೂರು ತುಂಬಿದ ದಿನ, ಮಾತು ತಡವಾದ ಪುಟ್ಟ ಮಕ್ಕಳ ಮನೆಗೇ ಥೆರಪಿಸ್ಟರನ್ನು ಕಳಿಸುವ ಈ ಕಾರ್ಯಕ್ರಮ ಮುಗಿಯುತ್ತದೆ. ಆಮೇಲೆ ಶಾಲೆಯವರು ಹೊಸದಾಗಿ ನೋಡಬೇಕು, ಹೊಸದಾಗಿ ಸಾಲು ಹಿಡಿಯಬೇಕು. ಉಳಿದದ್ದು ಹದಿಮೂರು ವಾರ. ಕಿವಿ ಪರೀಕ್ಷೆಗೆ ಸಿಕ್ಕ ತಾರೀಖು ಒಂಬತ್ತು ವಾರದಾಚೆಗೆ.

"ಕಿವಿಯ ವರದಿ ಇಲ್ದೆ ಮಾತಿನ ಥೆರಪಿ ಶುರು ಮಾಡೋ ಹಾಗಿಲ್ಲ," ಎಂದರು ಮೇಲ್ವಿಚಾರಕಿ, ಕಡತದಿಂದ ತಲೆಯೆತ್ತದೆ. "ವರದಿ ಬೇಕು, ಮನೆಯವರ ಸಹಿ ಇರೋ ಯೋಜನೆ ಬೇಕು, ಪ್ರತಿ ಸಲ ಮನೆಯ ದೊಡ್ಡವರೊಬ್ಬರು ಜೊತೇಲಿ ಕೂತಿರಬೇಕು."

"ಮಗೂನ ನೋಡಿ ಬಂದಿದ್ದೀನಿ. ಚಪ್ಪಾಳೆ ತಟ್ಟಿದ್ರೆ ನೋಡ್ತಾಳೆ ಮೇಡಂ. ಕಿವಿ ಕೇಳಿಸುತ್ತೆ. ಒಂಬತ್ತು ವಾರ ಕಾದ್ರೆ ಕೈಯಲ್ಲಿ ಉಳಿಯೋದು ನಾಲ್ಕೇ ವಾರ."

"ಬೇಗ ಕೊಡಿ ಅಂತ ಪರೀಕ್ಷೆಯವರಿಗೆ ಬರೆದಿದ್ದೀನಿ. ಅಲ್ಲೀತನಕ ಮನೆಯವರಿಗೆ ಮಾರ್ಗದರ್ಶನ ಕೊಡಿ. ಅಷ್ಟೇ."

ಆ 'ಅಷ್ಟೇ' ಅವಳ ಮೈ ಉರಿಸಿತು. ಮಾತಿನ ಥೆರಪಿಸ್ಟ್ ಆಗಿ ಇಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಕಾಗದ ಬರುವಷ್ಟರಲ್ಲಿ ಮೂರು ತುಂಬಿ ಕೈತಪ್ಪಿ ಹೋದ ಮಕ್ಕಳ ಮುಖ ಒಂದೊಂದೂ ನೆನಪಿತ್ತು.

ಮಗುವಿನ ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ: ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಹಗ್ಗದ ಮೇಲೆ ಅರೆಹೊಲಿದ ಕೋಟುಗಳು, ನೆಲದ ತುಂಬ ಚೂರು ಬಟ್ಟೆ. ಅಮ್ಮ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೇ. ಚೂರುಗಳ ನಡುವೆ ಕೂತು ಕೆಂಪಿಗೆ ಕೆಂಪು, ನೀಲಿಗೆ ನೀಲಿ ಜೋಡಿಸುತ್ತಿದ್ದ ಮಗಳನ್ನು ಮನೆಯವರು ಗುಬ್ಬಿ ಎನ್ನುತ್ತಿದ್ದರು. ಗುಬ್ಬಿಯ ಬಾಯಿಂದ ಬರುತ್ತಿದ್ದುದು 'ಆಂ' ಎಂಬ ಒಂದೇ ಸದ್ದು.

"ನಾನೂ ನಾಲ್ಕು ವರ್ಷದವರೆಗೆ ತುಟಿ ಬಿಚ್ಚಿರಲಿಲ್ಲ ಅಂತಾರೆ ನಮ್ಮಮ್ಮ," ಎಂದ ದರ್ಜಿ. "ಈಗ ಗಿರಾಕಿಗಳು, ಸ್ವಲ್ಪ ಬಾಯಿ ಮುಚ್ಚಪ್ಪಾ, ಅಳತೆ ತಗೋ ಅಂತಾರೆ."

ಥೆರಪಿಸ್ಟ್ ನಕ್ಕಳು. ವಾರಕ್ಕೆರಡು ಸಲ ಬರತೊಡಗಿದಳು. ವರದಿ ಪುಸ್ತಕದಲ್ಲಿ 'ಮನೆಯವರಿಗೆ ಮಾರ್ಗದರ್ಶನ' ಎಂದು ಬರೆದು, ಮಾಡಿದ್ದು ಮಾತ್ರ ಥೆರಪಿಯನ್ನೇ. ಚೆಂಡನ್ನು ತನ್ನ ಬಾಯಿಯ ಪಕ್ಕ ಹಿಡಿದು "ಕೊಡು ಅನ್ನು" ಎನ್ನುವಳು. ಗುಬ್ಬಿ ಕೈ ಚಾಚುವಳು. ಚೆಂಡು ಮೇಲೆ ಹೋಗುತ್ತಿತ್ತು.

"ಸ್ವಲ್ಪ ಹಟಮಾರಿ," ಎಂದಳು ದರ್ಜಿಗೆ. "ಕೈ ತೋರಿಸಿದ ತಕ್ಷಣ ಎಲ್ಲ ಸಿಕ್ಕಿಬಿಟ್ರೆ ಮಾತು ಯಾಕೆ ಬೇಕು? ಬಾಯಿಬಿಟ್ಟು ಕೇಳೋ ತನಕ ಕೊಡಬೇಡಿ."

ಮೂರನೆಯ ವಾರದಿಂದ ಅವಳ ಚಪ್ಪಲಿ ಬಾಗಿಲಲ್ಲಿ ಕಂಡರೆ ಸಾಕು, ಗುಬ್ಬಿ ಮೇಜಿನಡಿ ಸೇರತೊಡಗಿದಳು. ಐದನೆಯ ವಾರ ಮಗುವಿನ ಮುಂಗೈ ಮೇಲೆ ಹಲ್ಲಿನ ಗುರುತುಗಳಿದ್ದವು. ತಾನೇ ಕಚ್ಚಿಕೊಂಡದ್ದು.

"ನಿನ್ನೆ ನೀರಿನ ಲೋಟ ತೋರಿಸಿದ್ಲು," ಎಂದ ದರ್ಜಿ. "ನೀವು ಹೇಳಿದ ಹಾಗೇ, ನೀರು ಅನ್ನು ಕೊಡ್ತೀನಿ ಅಂದೆ. ಅನ್ನಲಿಲ್ಲ. ಅತ್ತೂ ಅತ್ತೂ ಹಾಗೇ ನಿದ್ದೆಹೋದ್ಲು ಮೇಡಂ."

ಅವನ ದನಿಯಲ್ಲಿ ದೂರಿರಲಿಲ್ಲ. ಹೇಳಿದ ಪಾಠ ತಪ್ಪದೆ ಒಪ್ಪಿಸುತ್ತಿದ್ದ. ಥೆರಪಿಸ್ಟ್ ಕೈಲಿದ್ದ ಚೆಂಡನ್ನು ಚೀಲಕ್ಕೆ ಹಾಕಿದಳು. ದರ್ಜಿ ಮುಜುಗರದಿಂದ ಯಂತ್ರ ತುಳಿಯತೊಡಗಿದ. ಗುಬ್ಬಿ ಮೇಜಿನಡಿಯಿಂದ ತೆವಳಿ ಬಂದು ಯಂತ್ರದ ಹಲಗೆಗೆ ಕೆನ್ನೆಯೊತ್ತಿ ಕಣ್ಣು ಮುಚ್ಚಿದಳು.

"ಇದರ ಸದ್ದು ಅಂದ್ರೆ ಅವಳಿಗೆ ಪ್ರಾಣ."

ಮಗು ಹುಡುಕುತ್ತಿದ್ದುದು ಸದ್ದನ್ನೋ, ಹಲಗೆಯ ಅದುರನ್ನೋ? "ಯಂತ್ರ ನಿಲ್ಲಿಸಿ," ಎಂದಳು ಥೆರಪಿಸ್ಟ್. ಮಗುವಿನ ಹಿಂದೆ ಹೋಗಿ ನಿಂತು ಮೆಲ್ಲಗೆ ಕರೆದಳು. ಕಾಗದ ಸರಸರ ಮಾಡಿದಳು. ಇನ್ನೂ ಜೋರಾಗಿ ಕರೆದಳು. ಗುಬ್ಬಿ ಅಲುಗಲಿಲ್ಲ. ಇಷ್ಟು ದಿನ ತಾನು ಚಪ್ಪಾಳೆ ತಟ್ಟಿದ್ದು ಮಗುವಿನ ಕಣ್ಣೆದುರಿಗೇ ಎಂಬುದು ಆಗ ಹೊಳೆಯಿತು.

ಮರುದಿನ ರಜೆ ಹಾಕಿ, ಕಿವಿ ಪರೀಕ್ಷೆಯ ವಿಭಾಗದ ಬಾಗಿಲು ತೆರೆಯುವ ಮೊದಲೇ ಹೋಗಿ ಬೆಂಚಿನ ಮೇಲೆ ಕೂತಳು. "ಯಾರಾದ್ರೂ ಬರದೇ ಹೋದ್ರೆ ನೋಡೋಣ," ಎಂದ ಗುಮಾಸ್ತ. ಅವತ್ತು ಎಲ್ಲರೂ ಬಂದರು. ಮರುದಿನವೂ. ಕೂರಲಾಗದೆ ಆಸ್ಪತ್ರೆಯ ಕಾರಿಡಾರಿನ ಉದ್ದಕ್ಕೂ ಅತ್ತಿಂದಿತ್ತ ಓಡಾಡಿದಳು. ಮೂರನೆಯ ದಿನ ಮಧ್ಯಾಹ್ನ ಒಬ್ಬರು ಬರಲಿಲ್ಲ. ಅವಳು ಫೋನು ಮಾಡಿದ್ದೇ ತಡ, ದರ್ಜಿ ಕೊರಳಲ್ಲಿ ಅಳತೆಯ ಟೇಪು ಹಾಗೇ ಇಟ್ಟುಕೊಂಡು, ಮಗಳನ್ನು ಹೆಗಲಿಗೇರಿಸಿಕೊಂಡು ಓಡಿಬಂದ.

ಎರಡೂ ಕಿವಿಯ ತಮಟೆಯ ಹಿಂದೆ ಅಂಟಂಟಾದ ನೀರು ಕಟ್ಟಿತ್ತು. ನಾವಾಡುವ ಮಾತು ಅವಳಿಗೆ ಗೋಡೆಯಾಚೆಯ ಗುಜುಗುಜು ಅಷ್ಟೇ, ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದು ಎಂದರು ವೈದ್ಯರು.

ಹೊರಗೆ ಕಾರಿಡಾರಿನಲ್ಲಿ ನಿಂತು ಅವಳು ದರ್ಜಿಗೆ ಹೇಳಿಬಿಟ್ಟಳು. "ಗುಬ್ಬಿ ಹಟ ಮಾಡ್ತಿರಲಿಲ್ಲ. ನಾನು ಹೇಳಿಕೊಟ್ಟಿದ್ದೇ ತಪ್ಪು. ಈ ವರದಿ ಬರೋ ಮುಂಚೆ ನಾನು ಶುರು ಮಾಡೋ ಹಾಗೇ ಇರಲಿಲ್ಲ."

ದರ್ಜಿ ಮಗಳ ಕಿವಿಯನ್ನು ಬೆರಳಿನಿಂದ ಮುಟ್ಟಿದ. "ನೀರು ಕೊಡದೇ ಇದ್ದವನು ನಾನು," ಎಂದು ಹೊರಟುಹೋದ.

ಅಂದೇ ಅವಳು ಮೇಲ್ವಿಚಾರಕಿಗೆ ಎಲ್ಲವನ್ನೂ ತಿಳಿಸಿ, ಪುಸ್ತಕದಲ್ಲಿ ಬರೆದ ಸುಳ್ಳನ್ನು ತಿದ್ದಿದಳು. ಗುಬ್ಬಿಯ ಫೈಲು ಬೇರೊಬ್ಬರ ಕೈಗೆ ಹೋಯಿತು. ಅವಳಿಗೆ ನೋಟಿಸು ಸಿಕ್ಕಿತು. ಆರು ತಿಂಗಳು ಪ್ರತಿ ಭೇಟಿಗೂ ಹಿರಿಯ ಥೆರಪಿಸ್ಟರೊಬ್ಬರು ಜೊತೆಗೆ ಬರಬೇಕೆಂದಾಯಿತು.

"ಪರೀಕ್ಷೆಗೆ ಸಾಲು ಅಷ್ಟುದ್ದ ಇರೋದು ತಪ್ಪೇ," ಎಂದರು ಮೇಲ್ವಿಚಾರಕಿ. "ಅದಕ್ಕೆ ನಾನು ಮೇಲಿನವರ ಹತ್ರ ಜಗಳ ಆಡ್ತೀನಿ. ನಿಮ್ಮ ತಪ್ಪನ್ನ ಅದರ ಹಿಂದೆ ಬಚ್ಚಿಡಬೇಡಿ."

ಶಸ್ತ್ರಚಿಕಿತ್ಸೆಯಾಗಿ, ಹೊಸ ಥೆರಪಿಸ್ಟಿಗೆ ಸಿಕ್ಕಿದ್ದು ಐದು ವಾರ. ಮಗುವನ್ನು ಶಾಲೆಗೆ ಒಪ್ಪಿಸುವ ಸಭೆಗೆ ಮೊದಲಿನ ಥೆರಪಿಸ್ಟೂ ಬರಲಿ ಎಂದು ದರ್ಜಿ ಹೇಳಿಕಳಿಸಿದ್ದ. ಅವಳು ಮೂಲೆಯಲ್ಲಿ ಚೀಲದ ಪಟ್ಟಿ ತಿರುಚುತ್ತ ಕೂತಳು. ಗುಬ್ಬಿಗೆ ಹನ್ನೊಂದು ಪದ ಬಂದಿವೆ ಎಂದು ಯಾರೋ ಓದಿದರು.

ಸಭೆ ಮುಗಿದ ಮೇಲೆ ದರ್ಜಿ ಮೆಟ್ಟಿಲ ಬಳಿ ನಿಂತ. "ನಿಮ್ಮ ಹತ್ರ ಮಾತಾಡಲ್ಲ ಅಂದ್ಲು ನನ್ನ ಹೆಂಡತಿ. ನಂಗೂ ಕೋಪ ಪೂರ್ತಿ ಇಳಿದಿಲ್ಲ. ಆದ್ರೆ ಮೂರು ದಿನ ಅಲ್ಲೇ ಕಾದು ಕೂತ್ರಲ್ಲ, ಅದು..."

"ಅಪ್ಪಾ, ಬಾ." ಗೇಟಿನ ಬಳಿಯಿಂದ ಗುಬ್ಬಿಯ ಗದರುವ ದನಿ. ಅವನು ಮಾತನ್ನು ಅರ್ಧಕ್ಕೇ ಬಿಟ್ಟು ಓಡಿದ.

ಅವಳ ಮುಂದಿನ ಮನೆಯ ಭೇಟಿಗೆ ಇನ್ನೂ ನಲವತ್ತು ನಿಮಿಷವಿತ್ತು; ಹಿರಿಯರೂ ಅಲ್ಲಿಗೇ ಬರುವವರಿದ್ದರು. ಬಸ್ಸು ನಿಲ್ದಾಣದಲ್ಲಿ ಕೂತಳು, ಎದ್ದಳು. ನಿಲ್ಲಲಾಗದೆ ನಡೆದೇ ಹೊರಟಳು.