ಜಗಲಿಯಲ್ಲಿ ಕೂತು ಅಳೆದ ಗುಳ್ಳೆ

ನಾನು ಓಯ್ನಿಸಾ, ರಿಷ್ತಾನ್ ಊರಿನ ನರ್ಸ್. ಮೂವತ್ತು ವರ್ಷ ಹಸುಗೂಸುಗಳ ತೋಳಿಗೆ ಕ್ಷಯ ತಡೆಯುವ ಬಿಸಿಜಿ ಲಸಿಕೆ ಚುಚ್ಚಿದ್ದೇನೆ. ಮುಂದಿನ ಮಾತು ಬರೆಯುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತಿದೆ.

ಆ ವರ್ಷ ಎರಡು ಬಗೆಯ ಬಿಸಿಜಿಗಳಲ್ಲಿ ಯಾವುದು ಮೇಲು ಎಂಬ ಸಂಶೋಧನೆ ನಡೆದಿತ್ತು. ಮಗು ಹುಟ್ಟಿದಾಗಲೇ ಲಸಿಕೆ ಹಾಕಿ, ಮೂವತ್ತನೆಯ ದಿನ ಮನೆಗೆ ಹೋಗಿ ತೋಳಿನಲ್ಲಿ ಚುಚ್ಚಿದ ಕಡೆ ಎದ್ದ ಗುಳ್ಳೆ ಅಳೆಯುವುದು, ಕಂಕುಳಲ್ಲಿ ಗಂಟಿದೆಯೇ ಎಂದು ಮುಟ್ಟಿ ನೋಡಿ ಬರೆಯುವುದು ನನ್ನ ಕೆಲಸ. ಆದರೆ ನಮ್ಮಲ್ಲಿ ಹೆರಿಗೆಯ ನಂತರ ನಲವತ್ತು ದಿನ ಚಿಲ್ಲಾ. ಅದು ಮುಗಿಯುವ ತನಕ ಹೊರಗಿನವರು ಬಾಣಂತಿಯ ಕೋಣೆಗೆ ಕಾಲಿಡುವಂತಿಲ್ಲ. ಮೂವತ್ತು ಎಂದು ಗೊತ್ತುಮಾಡಿದವರು ರಾಜಧಾನಿಯ ಗಂಡಸರು, ಅವರಿಗೇನು ಗೊತ್ತು?

ಬಾಣಂತಿ ಜೆಬಿನಿಸಾಳ ಮನೆಯಲ್ಲಿ ಅವಳ ಅತ್ತೆ ರಬಿಯಾ ನನ್ನನ್ನು ಜಗಲಿಯಲ್ಲೇ ತಡೆದಳು.

"ಚಿಲ್ಲಾ ಮುಗೀಲಿ ಕಣೇ. ನಿನ್ ಮೊಮ್ಮಗೂನ ಯಾರಿಗಾದ್ರೂ ತೋರ್ಸಿದ್ಯಾ ನೀನು?"

ತೋರಿಸಿರಲಿಲ್ಲ. "ಮಗು ಹೇಗಿದೆ ಅಕ್ಕ?" ಎಂದೆ.

"ಕುರಿಮರಿ ಹಾಗೆ ದುಂಡಗಿದೆ. ಥೂ, ಹೇಳ್ಬಾರ್ದು, ದೃಷ್ಟಿಯಾಗುತ್ತೆ. ಚಹಾ ಕುಡಿ."

ಬಿಸಿ ರೊಟ್ಟಿ ಮುರಿದು ತಿಂದು, ಎರಡು ಬಟ್ಟಲು ಹಸಿರು ಚಹಾ ಕುಡಿದು, ಹಾಳೆಯಲ್ಲಿ ಬರೆದೆ: ಗುಳ್ಳೆ ಐದು ಮಿಲಿಮೀಟರ್, ಕಂಕುಳು ಸರಿಯಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಬೀಗಿದೆ.

ಚಿಲ್ಲಾ ಮುಗಿದ ಮೇಲೆ ಅತ್ತೆ ಸೊಸೆ ಮಗುವನ್ನು ಆಸ್ಪತ್ರೆಗೆ ತಂದರು. ಕಂಕುಳಲ್ಲಿ ಅಕ್ರೋಟಿನಷ್ಟು ದೊಡ್ಡ ಗಂಟು, ಕೆಂಪಾಗಿ ಕೀವು ತುಂಬಿತ್ತು. ಸಂಶೋಧನೆಯ ಡಾಕ್ಟರ್ ಫರ್ರೂಖ್ ನನ್ನ ಹಾಳೆ ತೆಗೆದರು.

"ಮೂವತ್ತನೇ ದಿನ ಏನೂ ಇರ್ಲಿಲ್ಲ, ನರ್ಸ್ ಮುಟ್ಟಿ ನೋಡಿದಾರೆ. ಆಮೇಲೆ ಏನ್ ಹಚ್ಚಿದ್ಯಮ್ಮ ಇದಕ್ಕೆ?"

ರಬಿಯಾ ಸೊಸೆಯ ಮೇಲೆ ತಿರುಗಿಬಿದ್ದಳು. "ಎಣ್ಣೆ-ಗಿಣ್ಣೆ ಏನೋ ತಿಕ್ಕಿರ್ಬೇಕು, ಹಾಳಾದವಳು!"

ನಾನು ಒಳಗೆ ಹೋಗಿರಲಿಲ್ಲ ಎಂದು ರಬಿಯಾಗೆ ಗೊತ್ತಿತ್ತು. ಜೆಬಿನಿಸಾಗೂ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಬೈಸಿಕೊಂಡಳೇ ಹೊರತು ನನ್ನತ್ತ ಬೆರಳು ತೋರಿಸಲಿಲ್ಲ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಡಾಕ್ಟ್ರೇ, ನಾನು ಮಗೂನ ನೋಡೇ ಇಲ್ಲ. ಜಗಲೀಲಿ ಕೂತು ಬರ್ದೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಇಂಥವು ಇನ್ನೆಷ್ಟು?"

"ಹನ್ನೊಂದು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಜೆಬಿನಿಸಾಳ ಕೈ ಹಿಡಿದು, "ತಪ್ಪಾಯ್ತು ಮಗಳೇ" ಎಂದೆ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಗಂಟು ನೀವ್ ಬಂದ ದಿನಾನೇ ಇತ್ತು ಚಿಕ್ಕಮ್ಮ. ನಿಮ್ ದನಿ ಕೇಳಿ ಜೀವ ಬಂದ ಹಾಗಾಯ್ತು. ಮಗೂನ ಅಂಗಿ ಬಿಚ್ಚಿ, ಬಾಗಿಲ ಹಿಂದೇನೇ ಕಾಯ್ತಾ ಕೂತಿದ್ದೆ."