ದಾರ ಹಿಡಿದವರ ಹೆಸರು

ಅನುದಾನದ ಅರ್ಜಿ ತುಂಬಿದ್ದು ನಾನೇ, ತಪ್ಪು ಮಾಡಿದ್ದೂ ನಾನೇ. ಇನ್ನೊಬ್ಬರ ತಲೆಗೆ ಕಟ್ಟೋಣವೆಂದರೆ ಹದಿನಾಲ್ಕು ಪುಟದ ಅಕ್ಷರವೂ ನನ್ನದೇ. ಎಲ್ಲಿಗೆ ಓಡಿಹೋಗಲಿ?

‘ಗೊಂಬೆ ಆಡಿಸುವ ಕಲಾವಿದರ ಹೆಸರು’ ಎಂದು ಒಂದು ಕಾಲಂ ಇತ್ತು. ಹಿಂದೆಮುಂದೆ ನೋಡದೆ ನನ್ನ ಮಾವನ ಹೆಸರು ಬರೆದೆ. ಸುಳ್ಳು ಹೇಳಬೇಕೆಂದಲ್ಲ. ದಾರದ ಗೊಂಬೆಯಾಟದ ನಮ್ಮ ಮನೆತನದಲ್ಲಿ ಮೊದಲಿಂದ ಇರುವುದೇ ಹಾಗೆ. ದನಿ ಕೊಡುವವರು ಕಲಾವಿದರು. ಕಪ್ಪು ಪರದೆಯ ಹಿಂದೆ ದಾರ ಹಿಡಿದ ಕೈ ಯಾರದಾದರೂ ಇರಲಿ, ಅದು ಅವರ ಕೈ ಎಂದೇ ಲೆಕ್ಕ. ಮಾವನ ಕೈ ನಡುಗತೊಡಗಿ ಹನ್ನೊಂದು ವರ್ಷವಾಯಿತು. ಅಂದಿನಿಂದ ಇಪ್ಪತ್ತಾರು ಗೊಂಬೆಗಳನ್ನೂ ಆಡಿಸುತ್ತಿರುವವಳು ನಾನು. ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ರಾಜನಾಗಿ ಗುಡುಗುತ್ತಾರೆ, ಮುದುಕಿಯಾಗಿ ಗೊಣಗುತ್ತಾರೆ. ಆಟ ಮುಗಿದ ಮೇಲೆ ಅವರು ಆಚೆ ಹೋಗಿ ಕೈಮುಗಿಯುತ್ತಾರೆ, ನಾನು ಒಳಗೆ ದಾರ ಸುತ್ತುತ್ತೇನೆ. ನನ್ನ ಗಂಡನಿಗೆ ಗೊಂಬೆ ಕಂಡರೆ ಆಗದು, ಅವನು ಲಾರಿ ಓಡಿಸಿಕೊಂಡು ಹಾಯಾಗಿದ್ದಾನೆ.

ಈ ಸಲ ಅನುದಾನ ಸಿಗದಿದ್ದರೆ ಗೊಂಬೆಗಳು ನಮ್ಮ ಕೈಬಿಟ್ಟು ಹೋಗುವುದು ಖಚಿತವಿತ್ತು. ನಾವು ಆಟ ಆಡುವ ಈ ಹಳೇ ಗೋದಾಮಿನ ಮಹಡಿಯನ್ನು ತಿಂಗಳ ಕೊನೆಗೆ ತೆರವು ಮಾಡಬೇಕು, ಬೇರೆ ಜಾಗದ ಬಾಡಿಗೆಗೆ ಅನುದಾನವೇ ಗತಿ. ಸೊಂಟದೆತ್ತರದ ಇಪ್ಪತ್ತಾರು ಗೊಂಬೆಗಳನ್ನು ಎರಡು ಕೋಣೆಯ ಮನೆಯಲ್ಲಿ ಎಲ್ಲಿ ತೂಗುಹಾಕುವುದು? ಮ್ಯೂಸಿಯಂನವರು ಕೇಳಿದಾಗ ಮಾವ ಬರೆದುಕೊಟ್ಟುಬಿಟ್ಟಿದ್ದರು: ಅನುದಾನ ಬಂದರೆ ಇಲ್ಲ, ಬಾರದಿದ್ದರೆ ಗುರುವಾರ ವ್ಯಾನ್ ಕಳಿಸಿ. ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಾರಂತೆ. ಮುಟ್ಟುವ ಹಾಗಿಲ್ಲವಂತೆ, ನಾನೂ ಸಹ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಪರಿಶೀಲನೆಗೆ ಇಬ್ಬರು ಬಂದರು. ಒಬ್ಬರು ಫೈಲು ಹಿಡಿದ ಅಧಿಕಾರಿ, ಇನ್ನೊಬ್ಬರು ತಜ್ಞರೆಂದು ಜೊತೆಗೆ ಬಂದ ಕನ್ನಡಕದ ಮೇಡಂ. ಪರದೆ ಕಟ್ಟಿ ಅರ್ಧ ಗಂಟೆ ಆಡಿದೆವು. ಮೇಡಂ ನಗುವ ಕಡೆ ನಕ್ಕರು, ಮುದುಕಿ ಸೊಸೆಯನ್ನು ಬೈಯುವ ಕಡೆಯಂತೂ ಬಿದ್ದುಬಿದ್ದು ನಕ್ಕರು. ಒಳಗೆ ನನಗೆ ಗೆದ್ದೆವು ಅನ್ನಿಸಿತ್ತು.

ಅಷ್ಟರಲ್ಲಿ ಅಧಿಕಾರಿ ಹೇಳಿದರು, “ಈಗ ಪರದೆ ತೆಗೀರಿ. ಅರ್ಜಿದಾರರು ಒಬ್ರೇ ಗೊಂಬೆ ಆಡಿಸಿ ತೋರಿಸ್ಬೇಕು. ವಿಡಿಯೋ ತಗೋಬೇಕು, ಹೊಸ ನಿಯಮ.”

ಮಾವನ ಮುಖ ನೋಡಿದೆ. ಈ ಮನುಷ್ಯನಿಗೆ ಎಪ್ಪತ್ತೆಂಟಾದರೂ ಜಂಬಕ್ಕೇನೂ ಕಡಿಮೆಯಿಲ್ಲ.

“ಅದಕ್ಕೇನಂತೆ? ಕೊಡಮ್ಮ ಮುದುಕೀನ” ಎಂದರು.

“ಮಾವ, ಬೇಡ...”

“ಕೊಡು ಅಂದ್ನಲ್ಲ.”

ಕೊಟ್ಟೆ. ಮುದುಕಿ ಗೊಂಬೆಗೆ ಏಳು ದಾರ, ಎಲ್ಲವೂ ಮೇಲೆ ಒಂದು ಮರದ ಅಡ್ಡಪಟ್ಟಿಗೆ ಕಟ್ಟಿರುತ್ತವೆ. ಮಾವ ಪಟ್ಟಿ ಹಿಡಿದದ್ದೇ ತಡ, ಮುದುಕಿ ನೆತ್ತಿಯಿಂದ ಪಾದದವರೆಗೆ ನಡುಗಿದಳು.

“ಅಬ್ಬಾ! ಎಷ್ಟು ಸಹಜವಾಗಿ ನಡುಗಿಸ್ತಾರೆ ನೋಡಿ” ಎಂದರು ಮೇಡಂ. “ಈ ಸೂಕ್ಷ್ಮ ಇನ್ಯಾರಿಗೂ ಬರಲ್ಲ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಲ್ಲಿಗೆ ನಿಲ್ಲಿಸಲಿ ಎಂದು ಹಲ್ಲು ಕಚ್ಚಿ ನಿಂತೆ. ಆದರೆ ಮೇಡಂಗೆ ಖುಷಿ ತಡೆಯಲಾಗಲಿಲ್ಲ. “ಈಗ ಆ ನರ್ತಕಿ, ದಯವಿಟ್ಟು!”

ನರ್ತಕಿ ಹನ್ನೊಂದು ದಾರದವಳು. ಹೆಜ್ಜೆಗೆ ಎರಡು, ಸೊಂಟಕ್ಕೆ ಎರಡು, ಉಳಿದವು ಕೈಗೆ, ಕುತ್ತಿಗೆಗೆ. ಮಾವ ಎತ್ತಿದರು. ಅವಳೂ ಮುದುಕಿಯ ಹಾಗೇ ನಡುಗಿದಳು. ಮೇಡಂರ ನಗು ಮಾಯವಾಯಿತು. ಎರಡು ಹೆಜ್ಜೆ ಇಡುವಷ್ಟರಲ್ಲಿ ಕೈದಾರ ಕಾಲಿಗೆ ಸುತ್ತಿಕೊಂಡಿತು, ಪಟ್ಟಿ ಜಾರಿತು, ನರ್ತಕಿ ಮುಖ ಅಡಿಯಾಗಿ ನೆಲಕ್ಕೆ ಬಿದ್ದಳು. ಅಧಿಕಾರಿಯ ಮೊಬೈಲು ಅದನ್ನೂ ನೋಡುತ್ತಲೇ ಇತ್ತು.

ಮಾವ ಬಗ್ಗಿ ಎತ್ತಲು ಹೋದರು. ಅದೂ ಆಗಲಿಲ್ಲ. ನಾನು ಓಡಿ ಪಟ್ಟಿ ಹಿಡಿದುಕೊಂಡೆ.

“ಬರ್ಕೊಳ್ಳಿ ಸ್ವಾಮಿ” ಎಂದರು ಮಾವ. ಅವರ ದನಿಯಲ್ಲಿ ರಾಜನೂ ಇರಲಿಲ್ಲ, ಮುದುಕಿಯೂ ಇರಲಿಲ್ಲ. “ಹನ್ನೊಂದು ವರ್ಷದಿಂದ ಆಡಿಸ್ತಿರೋಳು ಇವಳು. ಇವಳ ಚಪ್ಪಾಳೆ ಕದ್ದೋನು ನಾನು.”

ಅಧಿಕಾರಿ ನನ್ನತ್ತ ತಿರುಗಿದರು. “ಹಂಗಾದ್ರೆ ಅರ್ಜೀಲಿ ನಿಮ್ಮ ಹೆಸರು ಯಾಕಮ್ಮ ಇಲ್ಲ?”

ಸಿಟ್ಟು ನೆತ್ತಿಗೇರಿತು, ಅವರ ಮೇಲಲ್ಲ, ನನ್ನ ಮೇಲೇ. ನರ್ತಕಿಯ ದಾರ ಬಿಡಿಸಿದೆ. ಅವರಿಬ್ಬರ ಮುಂದೆಯೇ, ಪರದೆಯಿಲ್ಲದೆ, ಹುಟ್ಟಿದ ಮೇಲೆ ಮೊದಲ ಸಲ ಆಡಿಸಿದೆ. ನನ್ನ ಬೆವರಿದ ಕತ್ತು, ಬಿಚ್ಚಿದ ತುರುಬು, ಬರಿಗಾಲು ಎಲ್ಲ ಅವರಿಗೆ ಕಾಣುತ್ತಿತ್ತು. ನಾಚಿಕೆಯಿಂದ ಸತ್ತೆ. ಆದರೂ ಅವಳನ್ನು ಕುಣಿಸಿದೆ, ತಿರುಗಿಸಿದೆ, ಕೂರಿಸಿ ಎಬ್ಬಿಸಿದೆ. ಮಾವ ಮೂಲೆಯಿಂದ ತಾವಾಗೇ ತಾಳ ಹಾಕಿದರು. ನಿಲ್ಲಿಸಿದಾಗ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

“ಇವರ ಹೆಸರಿಗೇ ಬದಲಾಯಿಸಿ ಕೊಡೋಣ” ಎಂದರು.

“ಹತ್ತು ವರ್ಷದ ಅನುಭವಕ್ಕೆ ದಾಖಲೆ ಬೇಕು ಮೇಡಂ. ಒಂದೇ ಒಂದು ಕಾಗದ ಸಾಕು. ಇದೆಯೇನಮ್ಮ?”

ಟ್ರಂಕು ಎಳೆದು ನೆಲದ ಮೇಲೆ ಸುರಿದೆ. ಶಾಲೆಗಳ ಪ್ರಮಾಣಪತ್ರ, ಸಂಘಗಳ ಅಭಿನಂದನೆ, ಕರಪತ್ರ, ಪೇಪರಿನ ತುಣುಕು. ಒಂದೊಂದನ್ನೂ ಎರಡೆರಡು ಸಲ ನೋಡಿದೆ. ಎಲ್ಲದರಲ್ಲೂ ಮಾವ, ಮಾವ, ಮಾವ. ಅರ್ಧಕ್ಕರ್ಧ ನನ್ನದೇ ಕೈಬರಹ. ‘ನೀವೇ ಬರ್ಕೊಂಡು ಬನ್ನಿ, ಸಹಿ ಹಾಕ್ತೀನಿ’ ಎನ್ನುತ್ತಿದ್ದರು ಹೆಡ್‌ಮಾಸ್ತರುಗಳು. ಬರೆದುಕೊಂಡು ಹೋಗುತ್ತಿದ್ದೆ, ಪೆದ್ದಿ. ಒಂದು ಕಡೆ, ಒಂದೇ ಒಂದು ಕಡೆ, ‘ಸಹಾಯ: ಸೊಸೆ’ ಎಂದು ಗೀಚಿದ್ದರೂ ಆಗುತ್ತಿತ್ತಲ್ಲ! ಯಾರು ಬೇಡ ಅಂದಿದ್ದರು?

“ಹೊಸ ಕಲಾವಿದರ ಯೋಜನೆ ಇದ್ಯಲ್ಲ, ಅದರಲ್ಲಿ?” ಮೇಡಂ ಬಿಡಲಿಲ್ಲ.

“ಅದಕ್ಕೆ ಮೂವತ್ತೈದರೊಳಗೆ ಇರ್ಬೇಕು.”

ನನಗೆ ನಲವತ್ತೇಳು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇನಿತ್ತು, ನನ್ನ ನರೆತ ತಲೆಯೇ ಹೇಳುತ್ತಿತ್ತು.

“ಸಾರ್, ಕಾಲಿಗೆ ಬೀಳ್ತೀನಿ” ಎಂದೆ. ನನ್ನಂಥ ಜಗಳಗಂಟಿ ಆ ಮಾತು ಆಡುತ್ತಾಳೆಂದು ಮಾವ ಕನಸಲ್ಲೂ ಎಣಿಸಿರಲಿಕ್ಕಿಲ್ಲ. “ನಾಡಿದ್ದು ವ್ಯಾನ್ ಬರತ್ತೆ ಸಾರ್. ಇವನ್ನ ಬಿಟ್ಟು ನಂಗೆ ಬೇರೆ ಏನೂ ಬರಲ್ಲ.”

ಅವರು ಕೆಟ್ಟವರಲ್ಲ. “ನನ್ನ ಕೈಲೂ ಏನಿಲ್ಲಮ್ಮ” ಎಂದು ಫೈಲು ತೆರೆದು ವರದಿ ಬರೆದರು. ಬರೆದಾದ ಮೇಲೆ ನನ್ನ ಕಡೆ ತಿರುಗಿಸಿದರು. “ಸಾಕ್ಷಿಗೆ ಒಂದು ಸಹಿ ಹಾಕಿ.”

ಓದಿದೆ. ‘ಅರ್ಜಿದಾರರು ಗೊಂಬೆ ಆಡಿಸಲು ಅಶಕ್ತರು. ಹನ್ನೊಂದು ವರ್ಷಗಳಿಂದ ಗೊಂಬೆ ಆಡಿಸುತ್ತಿರುವವರು ಅವರ ಸೊಸೆ.’ ಮುಂದೆ ನನ್ನ ಪೂರ್ತಿ ಹೆಸರು. ಕೆಳಗೆ, ‘ಅರ್ಜಿ ತಿರಸ್ಕರಿಸಲಾಗಿದೆ.’

ಸಹಿ ಹಾಕಿದೆ. ಪೆನ್ನು ವಾಪಸು ಕೊಡಲಿಲ್ಲ.

“ಸಾರ್, ಇದರದೊಂದು ಕಾಪಿ ಕೊಡ್ತೀರಾ?”

“ಇದು ಆಫೀಸಿನ ಒಳಗಿನ ಕಾಗದಮ್ಮ. ಹೊರಗೆ ಕೊಡೋ ಹಾಗಿಲ್ಲ.”

“ಒಂದು ಫೋಟೋ ಆದ್ರೂ ಹೊಡ್ಕೊಳ್ತೀನಿ ಸಾರ್. ಇದೊಂದರಲ್ಲೇ ಸಾರ್ ನಾನಿರೋದು.”

ಅವರು ಫೈಲು ಮುಚ್ಚಿ ದಾರ ಕಟ್ಟಿದರು, ಮೆಲ್ಲಗೆ ನನ್ನ ಕೈಯಿಂದ ಪೆನ್ನು ಬಿಡಿಸಿಕೊಂಡರು.